ಛಾವಣಿಯ ಎತ್ತರ

ಪ್ರಾಂಶುಪಾಲ ಹೆನ್ಲಿ ಅವರಿಗೆ,

ಶನಿವಾರ ನಮ್ಮ ವಿಂಟರ್ ಗಾರ್ಡ್ ತಂಡದ ಸ್ಪರ್ಧೆ; ಬಾವುಟ ಬೀಸುತ್ತ, ಮರದ ಬಂದೂಕು ಎಸೆದು ಹಿಡಿಯುತ್ತ ಸಂಗೀತಕ್ಕೆ ಕುಣಿಯುವ ಹುಡುಗಿಯರು ನಾವು. ಬಾವುಟ ಬೀಸಿ ಕುಣಿಯುವುದನ್ನು ಊಟದ ಹಾಲ್‌ನಲ್ಲೇ ಕಲಿತೆವು. ಮರದ ಬಂದೂಕನ್ನು ಮಾತ್ರ ಅಲ್ಲಿ ಮೇಲಕ್ಕೆಸೆಯಲಾಗದು, ಛಾವಣಿ ತಗ್ಗು. ಹೊರಗೆ ಹಿಮ. ಹಾಗಾಗಿ ಚಳಿಗಾಲವಿಡೀ ಎಸೆದಂತೆ, ಹಿಡಿದಂತೆ ಬರಿಗೈ ಆಡಿಸಿದ್ದೇವೆ.

ಹುಡುಗರು ಚೆಂಡಾಡುವ, ಎತ್ತರದ ಛಾವಣಿಯ ಜಿಮ್ ಕೇಳಿದಾಗ ಬ್ಯಾಸ್ಕೆಟ್‌ಬಾಲ್ ಕೋಚ್ ನಕ್ಕರು: "ಕೋಲು ತಿರುಗಿಸೋಕೆ ಜಿಮ್ ಯಾಕ್ರಮ್ಮಾ?"

"ನೀವು ಊಟದ ಹಾಲ್‌ನಲ್ಲಿ ಚೆಂಡಾಡಿ ನೋಡಿ ಸರ್," ಎಂದಳು ನಮ್ಮ ಡೆಲೇನಿ. ಅದಕ್ಕೆ ನೀವು ಶಿಕ್ಷಿಸಿದ್ದು ಅವಳನ್ನು.

ಹುಡುಗರ ಚೆಂಡಿಗೆ ಸಿಗುವ ಎತ್ತರ ನಮಗೇಕಿಲ್ಲ? ಉತ್ತರ ಬೇಡ, ಹಿಂದಿನ ಪತ್ರಗಳಿಗೂ ಬಂದಿಲ್ಲ. ಶುಕ್ರವಾರ ಅರ್ಧ ಗಂಟೆ ಜಿಮ್ ಬಾಗಿಲು ತೆರೆಸಿ. ಅದೂ ಆಗದಿದ್ದರೆ ಶನಿವಾರ ನಮ್ಮೊಡನೆ ಶಾಲೆಯ ನರ್ಸನ್ನು ಕಳಿಸಿ. ಬಂದೂಕುಗಳನ್ನು ನಾವು ಮೊದಲ ಸಲ ಎಸೆಯುವುದು ಅಲ್ಲೇ.

ತಂಡದ ನಾಯಕಿ,
ಬ್ರಿನ್ ಕೊವಾಲ್ಸ್ಕಿ