ಎಪ್ಪತ್ತೆಂಟು ಅಂದೆ

ಕ್ಲೆಮ್ ಅಣ್ಣನಿಗೆ,

ನಿನ್ನ ಪತ್ರ ಬಂತು. ಹನ್ನೊಂದು ತಿಂಗಳ ಮೇಲೆ ನಿನ್ನ ಕೈಬರಹ ನೋಡಿದೆ. "ವರ್ನಾಳನ್ನು ಕೊಂದವನು ನಾನೇ ಗ್ಲೆನಿಸ್, ನನ್ನನ್ನು ಕ್ಷಮಿಸು" ಎಂದು ಬರೆದಿದ್ದೀಯ. ಹೆಂಡತಿ ಸತ್ತವನಿಗೆ ತಂಗಿಯಾದವಳು ಸಮಾಧಾನ ಹೇಳಬೇಕು. ನನಗೆ ಅದು ಬರುವುದಿಲ್ಲ. ನಿಜ ಹೇಳುವುದು ಬರುತ್ತದೆ, ಅದೂ ತಡವಾಗಿ.

ನಮ್ಮ ಅಣೆಕಟ್ಟನ್ನು ಅಪ್ಪನ ಕಾಲದಲ್ಲಿ ಕಟ್ಟಿದ್ದು ಹತ್ತಿ ಬೆಳೆಯಲು. ತುಂಬಿ ಉಕ್ಕಿದರೆ ಮಾತ್ರ ಹೊಳೆ ಏರುತ್ತಿತ್ತು, ಅಲ್ಲಿಯವರೆಗೆ ಅದು ಹಸುವಿನಷ್ಟು ಸಾಧು. ಅದಕ್ಕೇ ಈ ಸೀಮೆಯಲ್ಲಿ ಯಾರೂ ಚೆನ್ನಾಗಿದ್ದೀಯಾ ಎಂದು ಕೇಳುವುದಿಲ್ಲ, ಅಣೆಕಟ್ಟಿನ ನೀರು "ಎಷ್ಟಿದೆ?" ಅನ್ನುತ್ತಾರೆ. ನೂರಕ್ಕೆ ಎಂಬತ್ತು ಅಂದರೆ ಹೊಲಕ್ಕೆ ನೀರೆತ್ತುವ ಪಂಪು ದಡದಲ್ಲೇ ಇರಲಿ. ತೊಂಬತ್ತೆಂಟು ಅಂದರೆ ಟ್ರ್ಯಾಕ್ಟರಿಗೆ ಕಟ್ಟಿ ಮೇಲಕ್ಕೆ ಎಳೆ. ಅಮ್ಮನನ್ನು ಮಣ್ಣು ಮಾಡಿದ ದಿನ ಪಾದ್ರಿಯೂ ಅಣೆಕಟ್ಟಿನ ಕಚೇರಿಯಲ್ಲಿದ್ದ ನನ್ನನ್ನು ಅದನ್ನೇ ಕೇಳಿದ್ದರು.

ಪಟ್ಟಣದ ಆಸ್ಪತ್ರೆಯೊಳಗೆ ಎದೆಮಟ್ಟ ನೀರು ನುಗ್ಗಿದ ವರ್ಷ ಸಿಡ್ನಿಯಿಂದ ಇಂಜಿನಿಯರುಗಳು ಬಂದರು. ಗೋಡೆಯ ಕೆಳಭಾಗ ಕೊರೆದು ಹೊಸ ಗೇಟು ಕೂರಿಸಿದರು. ಮಳೆಗೆ ಮುಂಚೆಯೇ ನೀರು ಬಿಟ್ಟು ಪ್ರವಾಹಕ್ಕೆ ಜಾಗ ಮಾಡಿಡಬೇಕೆಂಬ ನಿಯಮ ಬಂತು. ಗೇಟು ತೆಗೆಯುವ ಕೆಲಸ ನನ್ನದಾಯಿತು. ಊರ ಸಭೆಯಲ್ಲಿ ನೀನು ಎದ್ದು ನಿಂತು, "ಅಪ್ಪ ಕೂಡಿಟ್ಟ ನೀರು ಚೆಲ್ಲೋಕೆ ನನ್ನ ತಂಗೀನೇ ಬೇಕಿತ್ತಾ? ಒಂದು ಮಗೂನೂ ಸಾಕದೋಳಿಗೆ ಬೆಳೆ ಸಂಕಟ ಏನ್ ಗೊತ್ತಾಗುತ್ತೆ!" ಅಂದೆ. ಜನ ನಕ್ಕರು. ನನ್ನ ಇಬ್ಬರು ಮಕ್ಕಳನ್ನು ಹುಟ್ಟಿದ ದಿನವೇ ಮಣ್ಣಿಗೆ ಕೊಟ್ಟಿದ್ದು ಆ ನಕ್ಕವರಿಗೆಲ್ಲ ಗೊತ್ತಿತ್ತು. ನಿನಗೂ. ನೀರು ಬಿಡುವಾಗ ಫೋನ್ ಮಾಡಬೇಕಾದವರ ಪಟ್ಟಿ ನಿನ್ನ ಮುಂದೆ ಬಂದಾಗ ನೀನೇ ನಿನ್ನ ಹೆಸರು ಹೊಡೆದುಹಾಕಿ ಪಕ್ಕದಲ್ಲಿ ಸಹಿ ಹಾಕಿದೆ. "ಇವಳ ಫೋನ್ ಯಾವನಿಗೆ ಬೇಕು?" ಅಂದೆ. ಅದಕ್ಕೂ ನಕ್ಕರು.

ನಗದವಳು ವರ್ನಾ ಒಬ್ಬಳೇ. ಮಾರನೆಯ ದಿನ ಹಣ್ಣಿನ ಕೇಕು ಹಿಡಿದು ಅಣೆಕಟ್ಟಿನ ಕಚೇರಿಗೇ ಬಂದಳು. "ಅವನ ಬಾಯಿ ಹಾಳು ಕಣೇ, ಮನಸ್ಸಿಗೆ ಹಚ್ಕೋಬೇಡ" ಅಂದಳು. ನಾನು ಕೇಕು ತಿಂದೆ. ನಿನ್ನ ಮಾತನ್ನು ಮನಸ್ಸಿಗೂ ಹಚ್ಚಿಕೊಂಡೆ.

ಆ ಮಂಗಳವಾರ ಮೋಡದ ಚೂರೂ ಇರಲಿಲ್ಲ. ಇನ್ನು ಮೂರು ದಿನಕ್ಕೆ ಬೆಟ್ಟದಲ್ಲಿ ದೊಡ್ಡ ಮಳೆ ಎಂದು ಸೂಚನೆ ಬಂದಿತ್ತು. ಮೂವತ್ತೊಂದು ಮನೆಗೆ ಫೋನ್ ಮಾಡಿ, ಎಂಟಕ್ಕೆ ಆ ಹೊಸ ಗೇಟನ್ನು ಮೊದಲ ಸಲ ತೆಗೆದೆ. ನಿನಗೆ ಹೇಳಲು ನಿನ್ನ ನೆರೆಯವರಿಗೂ ತೋಚಲಿಲ್ಲ. ಒಡಹುಟ್ಟಿದ ತಂಗಿ ಹೇಳದೆ ಇರುತ್ತಾಳೆಯೇ ಅಂದುಕೊಂಡರಂತೆ.

ಒಂಬತ್ತಕ್ಕೆ ಕಚೇರಿಯ ಫೋನ್ ರಿಂಗಾಯಿತು. "ಎಷ್ಟಿದೆ ಗ್ಲೆನ್? ಪಂಪು ಅಲ್ಲೇ ಇರ್ಲಾ?" ಅಂದಳು ವರ್ನಾ. ಗೇಟು ತೆಗೆದಿದ್ದೇನೆ ಎಂಬ ಮಾತು ನಾಲಿಗೆಯ ಮೇಲೇ ಇತ್ತು. ಅಷ್ಟರಲ್ಲಿ ಅವಳ ಹಿಂದಿನಿಂದ ನಿನ್ನ ದನಿ ಬಂತು: "ನೀರು ಚೆಲ್ಲೋ ಮಹಾರಾಣಿ ಏನಂತಾಳೆ?"

ಎಪ್ಪತ್ತೆಂಟು, ಅಂದೆ.

ಅದು ಸುಳ್ಳಲ್ಲ. ಅಳತೆ ಎಪ್ಪತ್ತೆಂಟೇ ಇತ್ತು. ಹುಟ್ಟಿದಾಗಿನಿಂದ ಆ ಅಂಕಿಗೆ ಅವಳು ಕಲಿತ ಅರ್ಥ ಒಂದೇ, ಹೊಳೆ ಏರುವುದಿಲ್ಲ. "ಸರಿ ಹಾಗಾದ್ರೆ, ಭಾನುವಾರ ಊಟಕ್ಕೆ ಬಾ" ಎಂದು ಫೋನ್ ಇಟ್ಟಳು. ನೀರು ನಿನ್ನ ದಡ ಮುಟ್ಟಲು ಇನ್ನೂ ನಾಲ್ಕು ಗಂಟೆ ಇತ್ತು. ಆ ನಾಲ್ಕು ಗಂಟೆಯೂ ನಾನು ಫೋನಿನ ಮುಂದೆಯೇ ಕೂತಿದ್ದೆ. ನಿನ್ನ ಪಂಪು ಕೊಚ್ಚಿಹೋಗಲಿ, ಆಗ ಬುದ್ಧಿ ಬರುತ್ತದೆ ಅಂದುಕೊಂಡು ಎರಡು ಸಲ ಚಹಾ ಕುಡಿದೆ. ನಿನ್ನ ಮಂಡಿ ಊದಿದೆಯೆಂದು ಅವಳು ಹೊಳೆಗಿಳಿದು, ಪಂಪಿನ ಪೈಪಿನ ಬಾಯಿಗೆ ಸಿಕ್ಕಿದ ಕಳೆ ಕೀಳುತ್ತಾಳೆಂದು ನನಗೆ ಗೊತ್ತಿರಲಿಲ್ಲ. ಕೇಳಲೂ ಇಲ್ಲ. ಒಂದು ಗಂಟೆಗೆ ನೀರು ಬಂದು ಅವಳನ್ನು ಕೊಚ್ಚಿಕೊಂಡು ಹೋಯಿತು.

ನಾಲ್ಕನೆಯ ದಿನ ಮಳೆ ಬಂತು. ಪಟ್ಟಣದಲ್ಲಿ ಒಂದು ಹೊಸ್ತಿಲೂ ನೆನೆಯಲಿಲ್ಲ. ನನಗೆ ಹೂಗುಚ್ಛ ಕೊಟ್ಟರು. ವಿಚಾರಣೆಗೆ ಬಂದವರು ಆ ಫೋನಿನ ಬಗ್ಗೆ ಕೇಳಿದಾಗ, "ಎಷ್ಟಿದೆ ಅಂದಳು, ಹೇಳಿದೆ" ಅಂದೆ. ಎಲ್ಲರೂ ತಲೆಯಾಡಿಸಿದರು. ಪಟ್ಟಿಯಲ್ಲಿ ನಿನ್ನ ಸಹಿ ಇತ್ತಲ್ಲ, ತಪ್ಪು ನಿನ್ನ ತಲೆಗೆ ಕಟ್ಟಿದರು. ಹನ್ನೊಂದು ತಿಂಗಳು ನೀನು ಅದನ್ನು ಹೊತ್ತು ಸೊರಗುವುದನ್ನು ನೋಡಿದೆ. ಮೊದಮೊದಲು ಹಿತವಾಗಿಯೇ ಇತ್ತು.

ಕ್ಷಮೆ ನಾನು ಕೇಳುವುದಿಲ್ಲ, ನೀನು ಕೊಡುವುದೂ ಬೇಡ. ಈ ಪತ್ರವನ್ನು ಯಾರಿಗೆ ಬೇಕಾದರೂ ತೋರಿಸು.

ಗುರುವಾರ ಬೆಳಿಗ್ಗೆ ಎಂಟಕ್ಕೆ ಮತ್ತೆ ಗೇಟು ತೆಗೆಯುತ್ತಾರೆ, ನಾನಲ್ಲದಿದ್ದರೆ ಇನ್ನೊಬ್ಬರು. ಈಗ ಎಪ್ಪತ್ತೊಂದು ಇದೆ. ಎಪ್ಪತ್ತೊಂದು ಇದ್ದರೂ ಹೊಳೆ ಏರುತ್ತದೆ, ಅಣ್ಣ. ಪಂಪು ಮೇಲಕ್ಕೆ ಎಳೆಸಿಕೋ. ನೀನು ಇಳಿಯಬೇಡ. ಬಹುಕಾಲ ಬಾಳು.

ನಿನ್ನ ತಂಗಿ,
ಗ್ಲೆನಿಸ್