ಹಲಗೆ ಹೊಡೆದ ಬಾಗಿಲು

ಕ್ಷೌರದಂಗಡಿ
ಜೂನ್ ೧೨, ಮಧ್ಯಾಹ್ನ

ಪ್ರೀತಿಯ ಮಗಳೇ,

ಹೇಗಿದ್ದೀಯಮ್ಮಾ? ಕೆಮ್ಮು ಕಡಿಮೆಯಾಯಿತೇ? ಪಾಠ ಹೇಳುವ ಗಂಟಲು, ಜೋಪಾನ. ನಾವಿಬ್ಬರೂ ಚೆನ್ನಾಗಿದ್ದೇವೆ. ನನ್ನ ಇಂಗ್ಲಿಷ್ ಕೇಳಲಾರದೆ ನಿನ್ನಮ್ಮ ಕಿವಿಗೆ ಹತ್ತಿ ಇಟ್ಟುಕೊಂಡಿದ್ದಾಳೆ, ಅಷ್ಟೇ.

ನೀನು ಕಳಿಸಿದ ಈ ಸಲದ ಪಾಠ ‘ಬ್ಲಾಕ್ ಆಫ್’ ತಲೆಗೆ ಹತ್ತಿತು. ದಾರಿಗೋ ಬಾಗಿಲಿಗೋ ಏನಾದರೂ ಅಡ್ಡವಿಟ್ಟು ಯಾರೂ ದಾಟದಂತೆ ಮುಚ್ಚುವುದು. ‘ಬ್ಲಾಕ್ ಆಫ್ ದ ರೋಡ್’ ಎಂದರೂ ಸರಿ, ‘ಬ್ಲಾಕ್ ದ ರೋಡ್ ಆಫ್’ ಎಂದರೂ ಸರಿಯಂತೆ. ರಸ್ತೆಯೊಳಗೆ ಜನ ನುಗ್ಗಲಾಗದಿದ್ದರೂ ಆ ಎರಡು ಪದಗಳ ನಡುವೆ ರಸ್ತೆ ನುಗ್ಗಬಹುದು, ಭಲೇ ಭಾಷೆ. ಸ್ವಂತ ಬದುಕಿನಿಂದ ಎರಡು ವಾಕ್ಯ ಬರೆಯಬೇಕೆಂದಿದ್ದೆಯಲ್ಲ, ಹುಡುಕುವ ಕಷ್ಟವೇ ಆಗಲಿಲ್ಲ.

ಒಂದು: ಚರಂಡಿ ಕೆಲಸದವರು ನಮ್ಮ ಬೀದಿಯನ್ನು ಬ್ಲಾಕ್ ಆಫ್ ಮಾಡಿದರು. ತಗಡು ನಿಲ್ಲಿಸಿ, ಹೊಂಡ ತೋಡಿ, ಅಂಗಡಿಗೆ ನೊಣವೂ ಬರದ ಹಾಗೆ ಮಾಡಿದರು. ನೊಣ ಹೊಡೆಯುವ ಕೆಲಸವೂ ಇಲ್ಲದೆ ಕೂತಿದ್ದೆ. ಇನ್ನೊಂದು ತಿಂಗಳು ಹೀಗೇ ಆದರೆ ಅಂಗಡಿ ಬಿಡಬೇಕಾದೀತೆಂದು ನಿಜಕ್ಕೂ ಹೆದರಿದ್ದೆ.

ಎರಡು: ನಾನೂ ನಿನ್ನ ಚಿಕ್ಕಪ್ಪನೂ ನಡುಬಾಗಿಲನ್ನು ಬ್ಲಾಕ್ ಆಫ್ ಮಾಡಿದ್ದೆವು. ಹಿಂದಿನ ಬೀದಿಗೆ ಮುಖಮಾಡಿದ ಅವನ ಟೈಲರ್ ಅಂಗಡಿಗೂ ನನ್ನದಕ್ಕೂ ನಡುವೆ ಇರುವುದು ಅದೊಂದೇ ಬಾಗಿಲು. ನನ್ನ ಕಡೆಯ ಕೂದಲು ಹಾರಿ ಯಾರದೋ ಬಿಳಿ ಅಂಗಿಗೆ ಅಂಟಿತೆಂದು ಜಗಳವಾಗಿ, ಆ ಕಡೆಯಿಂದ ಅವನು, ಈ ಕಡೆಯಿಂದ ನಾನು ಹಲಗೆ ಹೊಡೆದದ್ದು. ಮಾತೂ ಅಲ್ಲಿಗೇ ನಿಂತಿತ್ತು. ನೀನಾಗ ಕಾಲೇಜಿನಲ್ಲಿದ್ದೆ, ಇಬ್ಬರಿಗೂ ಬೈದಿದ್ದೆ.

ಹೋದ ವಾರ ಆ ಕಡೆ ಮೊಳೆ ಕೀಳುವ ಸದ್ದಾಯಿತು. ನಾನೂ ಸುಮ್ಮನೆ ಈ ಕಡೆಯದನ್ನು ಕಿತ್ತೆ. ಬಾಗಿಲು ತೆರೆದರೆ ಚಿಕ್ಕಪ್ಪ, ಬಾಯಿ ತುಂಬ ಗುಂಡುಸೂಜಿ, ಬೆನ್ನ ಹಿಂದೆ ನನ್ನ ಹಳೆಯ ಗಿರಾಕಿಗಳಿಬ್ಬರು. ಸೂಜಿಗಳನ್ನು ಅಂಗೈಗೆ ತೆಗೆದುಕೊಂಡು, “ಅಣ್ಣಾ, ಇವ್ರು ಎಷ್ಟು ದಿನ ಅಂತ ಗಡ್ಡ ಬಿಟ್ಕೊಂಡು ಓಡಾಡ್ಬೇಕು? ನನ್ ಅಂಗಡಿಯಿಂದ್ಲೇ ಬರ್ಲಿ ಬಿಡು” ಅಂದ. ನನಗೆ ಕಣ್ಣು ತುಂಬಿ ಬಂತು. ಕೂದಲು ಹಾರದಂತೆ ದಪ್ಪ ಪರದೆಯನ್ನೂ ಹೊಲಿದು ಹಾಕಿದ್ದಾನೆ.

ಅಮ್ಮ ನಿನಗೆ ಒಳ್ಳೆಯದಾಗಲಿ ಅಂತಿದ್ದಾಳೆ, ಅಳಿಯಂದಿರನ್ನೂ ಕೇಳಿದಳೆಂದು ಹೇಳು.

ನಿನ್ನ ದಡ್ಡ ಶಿಷ್ಯ,
ಅಪ್ಪ

ಮರೆತೆ: ನಿನ್ನೆ ಬೀದಿ ತೆರೆದರು. ಇವತ್ತು ಬೆಳಿಗ್ಗೆ ಚಿಕ್ಕಪ್ಪ ಸುತ್ತಿಗೆ ಹಿಡಿದು ಬಂದು, “ಆ ಹಲಗೆ ಎಲ್ಲಿಟ್ಟಿದ್ದೀಯಣ್ಣಾ?” ಅಂದ. ಮತ್ತೆ ಬಾಗಿಲಿಗೆ ಹೊಡೆಯಲು ಬಂದನೇನೋ ಅಂದುಕೊಂಡೆ. “ಕಾಯೋರಿಗೆ ಒಂದು ಬೆಂಚು ಮಾಡೋಣ ಅಂತ” ಅಂದ. ಅದರ ಮೇಲೇ ಕೂತು ಬರೆಯುತ್ತಿದ್ದೇನೆ. ಒಂದು ಕಾಲು ಗಿಡ್ಡ, ಅಲುಗಾಡುತ್ತದೆ. ಅಕ್ಷರ ಸೊಟ್ಟಗಿದ್ದರೆ ಅಂಕ ಕಳೆಯಬೇಡ.