ಬೋಳು ಇಳಿಜಾರಿಗೆ ಬಹುಮಾನ, ಒಡ್ಡು ಕಟ್ಟಿದ್ದಕ್ಕೆ ನೋಟಿಸು

ನಮ್ಮ ಬಡಾವಣೆಯ ಮನೆಮಾಲೀಕರ ಸಂಘದ ಮಾನ್ಯ ಅಧ್ಯಕ್ಷರೇ,

ನನ್ನ ಹಿತ್ತಲಿನ ಇಳಿಜಾರಿನಲ್ಲಿರುವ ಒಡ್ಡನ್ನು ಕಿತ್ತು, ಹುರುಳಿ ಬಳ್ಳಿ ಮತ್ತು ತರಗೆಲೆಯನ್ನು ಬಳಿದು ಹಾಕಬೇಕು. ಇಲ್ಲವಾದರೆ ಬರುವ ಶನಿವಾರ ನಿಮ್ಮ ಗುತ್ತಿಗೆದಾರರೇ ಎಲೆ ಊದಿ ಹಾರಿಸುವ ಲೀಫ್ ಬ್ಲೋವರ್ ಯಂತ್ರ ಹೊತ್ತು ಬಂದು ಬಳಿಯುತ್ತಾರೆ ಎಂದು ನೋಟಿಸು ಕಳಿಸಿದ್ದೀರಿ. ಕಾರಣ: ಅಂದಗೇಡು. ಉತ್ತರವನ್ನು ನಮ್ಮ ಕನ್ನಡ ಕೂಟದ ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ. ನೀವು ಮೈಸೂರಿನವರು, ಕನ್ನಡ ಬಲ್ಲವರು; ಬೀದಿಯ ಅರ್ಧ ಜನವೂ ಇದನ್ನು ಓದುತ್ತಾರೆ. ನೋಟಿಸನ್ನು ಒಬ್ಬನೇ ಓದಿದರೆ ಬೇಸರ, ಹಂಚಿಕೊಂಡರೆ ಮನರಂಜನೆ.

ಹೋದ ವರ್ಷ ಇದೇ ಹೊತ್ತಿಗೆ ನನ್ನ ಅತ್ತೆ ಗುರುದೇವಿಯವರು ಗದಗದಿಂದ ವಿಮಾನ ಹತ್ತಿ ಈ ಪರದೇಶಕ್ಕೆ ಬಂದರು. ಮೇಪಲ್ ಮರದಡಿ ಬಿದ್ದ ಎಲೆಯ ರಾಶಿ ಕಂಡು ಅವರ ಜೀವ ತಡೆಯಲಿಲ್ಲ. “ಏನ್ರೀ ಅಳಿಯಾರ, ಹಿತ್ತಲಾ ಹಿಂಗ ಬಿಟ್ರ ಮನ್ಯಾಗ ಹೆಣ್ಮಕ್ಕಳು ಅದಾರೋ ಇಲ್ಲೋ ಅಂತ ಮಂದಿ ಕೇಳಂಗಿಲ್ಲೇನ್ರಿ?” ಎಂದರು. “ಇಲ್ಲಿ ಮಂದೀನ ಇಲ್ರಿ ಅತ್ತಿ, ಬರೇ ಕಾರು ಅದಾವ,” ಎಂದೆ. ಕೇಳಲಿಲ್ಲ. ಅಂಗಳ ಗುಡಿಸದೆ ಚಹಾ ಮುಟ್ಟದ ಜೀವ. ಊರಿನ ಸಪಾಟು ಅಂಗಳಕ್ಕೆ ಒಪ್ಪುವ ಶಿಸ್ತನ್ನು ನಮ್ಮ ಬಡಾವಣೆಯ ಕೊಳದತ್ತ ಜಾರುವ ಇಳಿಜಾರಿನ ಮೇಲೆ ಹೂಡಿದರು. ನನ್ನ ಹೆಂಡತಿಯ ಚಳಿಗಾಲದ ಕೋಟು ತೊಟ್ಟು ದಿನಾ ಗುಡಿಸಿದರು. ಎಲೆ ಮುಗಿಯಿತು, ಅಲ್ಲಲ್ಲಿದ್ದ ಹುಲ್ಲು ಕಿತ್ತರು. ನೆಲ ಮುಡಿ ಕೊಟ್ಟು ಬಂದವರ ತಲೆಯಂತೆ ಮಿಂಚಿತು. ಅದರ ಮೇಲೊಂದು ರಂಗೋಲಿ.

ಆಗ ನೀವೇನು ಮಾಡಿದಿರಿ? ‘ತಿಂಗಳ ಅತ್ಯಂತ ಅಂದದ ಹಿತ್ತಲು’ ಎಂಬ ಫಲಕ ತಂದು ನೆಟ್ಟಿರಿ! ಅದರ ಪಕ್ಕ ಅತ್ತೆ ನಿಂತ ಫೋಟೋ ಗದಗದ ನೆಂಟರ ಮೊಬೈಲುಗಳಲ್ಲೆಲ್ಲ ಓಡಾಡಿತು.

ಏಪ್ರಿಲ್ ಬಂತು. ಹಿಮ ಕರಗಿ ಮೆತ್ತಗಾದ ಬರಿ ಮಣ್ಣಿನ ಮೇಲೆ ಇಡೀ ದಿನ ಮಳೆ ಹುಯ್ದಿತು. ಮರುದಿನ ಇಳಿಜಾರಿನ ಕೆಳಗಿನ ಮನೆಯ ಭಾನುಪ್ರಿಯಾ ಬಾಗಿಲು ತಟ್ಟಿದರು. “ಅಂಕಲ್, ನಿಮ್ಮ ಬ್ಯಾಕ್‌ಯಾರ್ಡ್ ನಮ್ಮ ಡೆಕ್ ಮೇಲೆ ಬಂದು ಕೂತಿದೆ. ಕಾಫಿ ಕೊಟ್ಟು ಕಳಿಸ್ಲಾ, ನೀವೇ ಬಂದು ಕರ್ಕೊಂಡು ಹೋಗ್ತೀರಾ?” ಅವರ ಹಿಂಬಾಗಿಲ ಮರದ ಜಗಲಿ, ಆ ಡೆಕ್ ಹತ್ತದೆ ಉಳಿದ ಮಣ್ಣು ಕೊಳ ಸೇರಿತ್ತು. ಮೇಪಲ್‌ನ ಬೇರುಗಳು ಬಯಲಿಗೆ ಬಿದ್ದು, ಮರ ಭಾನುಪ್ರಿಯಾರ ಅಡುಗೆಮನೆಯ ಕಡೆ ವಾಲಿತ್ತು. ಮರ ಪರೀಕ್ಷಿಸಲು ಬಂದವರು, ಬುಡದ ಮಣ್ಣು ಇನ್ನೊಮ್ಮೆ ಹೀಗೆ ಹೋದರೆ ಮರ ನಿಲ್ಲುವ ಭರವಸೆ ಕೊಡಲಾರೆವು ಎಂದರು. ಅತ್ತೆ ಆ ದಿನ ಊಟ ಮಾಡಲಿಲ್ಲ.

ನಾನು ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಮಾರಿ ಮೇಲೆ ಬಂದವನು. ಚೀಲದಿಂದ ಹಿಟ್ಟು ಸೋರುವುದು ಕಂಡರೆ ನನಗೆ ತುತ್ತು ಇಳಿಯದು. ಈಗ ಸಂಘದ ವ್ಯಾಪಾರ ನೋಡೋಣ. ನಮ್ಮ ಎಲೆ ಸಾಗಿಸಲು ದುಡ್ಡು. ಎಲೆಯಿಲ್ಲದೆ ಕೊಚ್ಚಿಹೋದ ಮಣ್ಣನ್ನು ಕೊಳದಿಂದ ಎತ್ತಲು ದುಡ್ಡು. ಹೋದ ಮಣ್ಣಿನ ಜಾಗಕ್ಕೆ ಅಂಗಡಿಯಿಂದ ಚೀಲದ ಮಣ್ಣು, ಅದರ ಮೇಲೆ ಮುಚ್ಚಲು ಬಣ್ಣ ಬಳಿದ ಮರದ ಚಕ್ಕೆ! ಪುಕ್ಕಟೆ ಬಿದ್ದ ಮುಚ್ಚಳ ಎಸೆದು ಕೊಂಡ ಮುಚ್ಚಳ ಹಾಕುವುದನ್ನು ಯಾವ ಶೆಟ್ಟರು ಕಲಿಸಿದರು ಸ್ವಾಮಿ? ಬೆರಳಗಲದ ಮೇಲ್ಮಣ್ಣು ಕಟ್ಟಲು ಭೂಮಿಗೆ ನೂರಾರು ವರ್ಷ ಬೇಕು. ಕಳೆಯಲು ಒಂದು ಪೊರಕೆ, ಒಂದು ಮಳೆ ಸಾಕು. ನಿಮ್ಮ ಬ್ಲೋವರ್ ಆ ಪೊರಕೆಯ ಪೆಟ್ರೋಲು ಕುಡಿಯುವ ತಮ್ಮ.

ಊರಿಗೆ ಹೊರಡುವ ಮುನ್ನ ಅತ್ತೆಯೂ ನಾನೂ ಸೇರಿ ಉದುರಿದ ಕೊಂಬೆ, ಕಲ್ಲು ಜೋಡಿಸಿ ಇಳಿಜಾರಿಗೆ ಅಡ್ಡಡ್ಡಲಾಗಿ ಮೊಣಕಾಲೆತ್ತರದ ಒಡ್ಡು ಹಾಕಿದೆವು. ಓಡುವ ನೀರು ಅಲ್ಲಿ ತುಸು ಕೂತು, ಮಣ್ಣು ಇಳಿಸಿ ಮುಂದೆ ಹೋಗಲಿ ಎಂದು. ಬೇಸಿಗೆಯಲ್ಲಿ ಹುರುಳಿ ಚೆಲ್ಲಿದೆ, ಬಳ್ಳಿ ನೆಲಕ್ಕೆ ಕಂಬಳಿ ಹೊದಿಸಿತು. ಅದು ಮಂಜಿಗೆ ಸತ್ತರೂ ಒಣಬಳ್ಳಿ ನೆಲ ಬಿಡದು. ನಡುವೆ ಚಳಿ ತಡೆಯುವ, ಗೋಧಿಯಂಥ ರೈ ಧಾನ್ಯ ಬಿತ್ತಿದ್ದೇನೆ, ಅದರ ಬೇರು ಈಗ ಮಣ್ಣು ಹಿಡಿಯುತ್ತಿದೆ. ಮೇಲೆ ಎಲೆಯ ತೆಳು ಹೊದಿಕೆ. ಇಷ್ಟೇ ನನ್ನ ಅಪರಾಧ.

ಆಗಸ್ಟಿನ ಬಿರುಮಳೆಯ ಮರುದಿನ ಹೆದರುತ್ತಲೇ ಕೆಳಗಿಳಿದೆ. ಭಾನುಪ್ರಿಯಾ ಡೆಕ್ ಮೇಲೆ ನಿಂತಿದ್ದರು. “ಅಂಕಲ್, ಈ ಸಲ ಬರೀ ನೀರು ಬಂದಿದೆ. ಮಣ್ಣಿಗೆ ನಮ್ಮ ಮೇಲೇನಾದ್ರೂ ಕೋಪಾನಾ?”

ನಿಮ್ಮ ನೋಟಿಸಿನ ಸುದ್ದಿಯನ್ನು ಫೋನಿನಲ್ಲಿ ಅತ್ತೆಗೆ ಹೇಳಿದೆ. ಅವರು ಕೇಳಿದರು: “ನಾ ತಪ್ಪು ಮಾಡಿದೆ, ತಿದ್ದಿಕೊಂಡೆ. ನನಗ ಬಹುಮಾನ ಕೊಟ್ಟವ್ರಿಗೆ ನೋಟಿಸು ಯಾರು ಕೊಡಬೇಕ್ರಿ?”

ಈ ಪತ್ರವೇ ಆ ನೋಟಿಸು ಎಂದು ತಿಳಿಯಿರಿ. ನನ್ನ ಬೇಡಿಕೆ ಹೀಗಿದೆ: ನೋಟಿಸು ಹಿಂಪಡೆಯಿರಿ. ಕೊಳದ ಸುತ್ತಲಿನ ಯಾವ ಇಳಿಜಾರಿನ ಮೇಲೂ ಬ್ಲೋವರ್ ಹತ್ತಬಾರದು ಎಂದು ನಿಯಮ ಬರೆಯಿರಿ. ನೆಲ ಮುಚ್ಚಿದವರನ್ನು ಕೊಳಕರೆನ್ನುವುದು ನಿಲ್ಲಲಿ. ಆಗದು ಎನ್ನುವುದಾದರೆ, ಮರ ಬಿದ್ದಾಗ ಭಾನುಪ್ರಿಯಾರ ಅಡುಗೆಮನೆಯನ್ನು ಸಂಘವೇ ಕಟ್ಟಿಕೊಡುತ್ತದೆ ಎಂದು ಸಹಿ ಹಾಕಿ ಕೊಡಿ. ಯಾವ ಕಲ್ಲು ಹಾಸಬೇಕೆಂದು ಅವರು ಈಗಲೇ ಆರಿಸತೊಡಗಿದ್ದಾರೆ.

ಅದೂ ಆಗದೆಂದರೆ ಶನಿವಾರ ಬ್ಲೋವರ್ ಕಳಿಸಿ. ಒಡ್ಡಿನ ಮೇಲೆ ಕುರ್ಚಿ ಹಾಕಿಕೊಂಡು ನಾನು ಕೂತಿರುತ್ತೇನೆ. ರೊಟ್ಟಿ-ಬೆಣ್ಣೆ ತಿಂದು ಬೆಳೆದ ಮೈ, ಊದಿದರೆ ಹಾರುವುದಿಲ್ಲ.

ಇಂತಿ,
ನಿಮ್ಮ ಕಡತದಲ್ಲಿ ಅಂದಗೆಟ್ಟ,
ಗದಿಗೆಪ್ಪ
ಫಾರ್ಮಿಂಗ್ಟನ್ ಹಿಲ್ಸ್